ಸೊಸೆಗೆ ಸಿಗದ ರಜೆ: ಒಂದು ಜಪಾನೀ ಕಾದಂಬರಿಯ ವಿಮರ್ಶೆ

ನೌಕರಿಯಲ್ಲಿರುವ ಹೆಣ್ಣುಮಗಳೊಬ್ಬಳ ಮಾವ ಹಾಸಿಗೆ ಹಿಡಿದರೆ ಆಕೆ ಯಾವ ಕಾರಣ ಬರೆದು ರಜೆ ಕೇಳಬೇಕು ಎಂಬುದು ಸಾಹಿತ್ಯ ವಿಮರ್ಶಕನ ಪ್ರಶ್ನೆಯೆಂದು ಯಾರೂ ಎಣಿಸುವುದಿಲ್ಲ. ಅದು ಗುಮಾಸ್ತರ ಪ್ರಶ್ನೆ. ಹೆಚ್ಚೆಂದರೆ ವಕೀಲರ ಪ್ರಶ್ನೆ. ಆದರೆ ಈ ಪ್ರಶ್ನೆಯ ಸುತ್ತಲೇ ಹೆಣೆದ ಒಂದು ದೊಡ್ಡ ಕಾದಂಬರಿ ಅರ್ಧ ಶತಮಾನಕ್ಕೂ ಹಿಂದೆ ಜಪಾನಿನಲ್ಲಿ ಹುಟ್ಟಿತು. ಆ ದೇಶದವರು ಆಮೇಲೆ ಮಾಡಿಕೊಂಡ ಕಾನೂನುಗಳನ್ನು ಅದರ ಪಕ್ಕದಲ್ಲಿಟ್ಟು ಓದಿದರೆ, ಕಥೆಗಾರ್ತಿ ಕಂಡದ್ದೆಷ್ಟು, ಶಾಸನಕಾರರು ಕಂಡದ್ದೆಷ್ಟು ಎಂಬುದು ಚೆನ್ನಾಗಿ ತಿಳಿಯುತ್ತದೆ. ನಮ್ಮ ವೃತ್ತಿಯಲ್ಲಿ ಇಂದು ಸೊಸೆಯಂದಿರು ಬಹಳ ಮಂದಿ ಇದ್ದಾರೆ. ಅವರು ಹಾಜರಿ ಪುಸ್ತಕದ ಮುಂದೆ ನಿಂತು ಯೋಚಿಸುವ ಸಂಗತಿಯೇ ಇದು. ಆದುದರಿಂದ ಪರದೇಶದ ಕೃತಿಯಾದರೂ ಇದರ ವಿಚಾರ ನಮಗೆ ಪರಕೀಯವಲ್ಲ.

ಕಾದಂಬರಿಯ ಹೆಸರು 'ಕೋಕೋತ್ಸು ನೊ ಹಿತೊ'. ಬರೆದವರು ಅರಿಯೋಶಿ ಸಾವಾಕೊ. ೧೯೩೧ರಲ್ಲಿ ವಾಕಾಯಾಮಾ ಪ್ರಾಂತದಲ್ಲಿ ಹುಟ್ಟಿ ೧೯೮೪ರಲ್ಲಿ ತೀರಿಕೊಂಡ ಲೇಖಕಿ. ಕೃತಿ ಹೊರಬಂದದ್ದು ೧೯೭೨ರಲ್ಲಿ. ಅದು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಮರುವರ್ಷವೇ ತೊಯೋದಾ ಶಿರೋ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ೧೯೮೪ರಲ್ಲಿ ಮಿಲ್ಡ್ರೆಡ್ ತಹಾರಾ ಅವರ ಇಂಗ್ಲಿಷ್ ಅನುವಾದ 'ದಿ ಟ್ವಿಲೈಟ್ ಇಯರ್ಸ್' ಎಂಬ ಹೆಸರಿನಿಂದ ಪ್ರಕಟವಾಯಿತು. ಆ ಇಂಗ್ಲಿಷ್ ಹೆಸರು ಸಂಜೆಯ ಬೆಳಕನ್ನು ನೆನಪಿಸುವ ಮೃದುವಾದ ಹೆಸರು. ಮೂಲದ ಹೆಸರಿನಲ್ಲಿ ಆ ಮಾರ್ದವವಿಲ್ಲ. 'ಕೋಕೋತ್ಸು' ಎಂದರೆ ಪರವಶತೆ, ಮೈಮರೆವು. ರಾಯ್ ಸಾನ್ಯೋ ಎಂಬ ಪಂಡಿತನ 'ನಿಹೋನ್ ಗೈಶಿ' ಎಂಬ ಇತಿಹಾಸ ಗ್ರಂಥದಲ್ಲಿ, ಮುಪ್ಪು ಬೇನೆಗಳಿಂದ ಎದುರಿಗೆ ಬಂದವರನ್ನು ಗುರುತಿಸಲಾರದೆ ಹೋದ ಒಬ್ಬ ಸಾಮಂತನನ್ನು ಕುರಿತು ಈ ಶಬ್ದ ಬಂದಿದೆ. ಲೇಖಕಿ ಅಲ್ಲಿಂದಲೇ ಅದನ್ನು ಎತ್ತಿಕೊಂಡರು. ಪುಸ್ತಕ ಮಾರಾಟವಾದ ಮೇಲೆ ಮರೆಗುಳಿ ಮುದುಕರಿಗೆಲ್ಲ ಜಪಾನಿನ ಆಡುಮಾತಿನಲ್ಲಿ ಅದೇ ಹೆಸರು ನಿಂತಿತು. ಒಂದು ಕಾದಂಬರಿಯ ಹೆಸರು ನಾಡಿನ ನುಡಿಗಟ್ಟಾಗುವುದು ಅಪರೂಪದ ಭಾಗ್ಯ.

ಕಥೆಯನ್ನು ಚಿಕ್ಕದಾಗಿ ಹೇಳುತ್ತೇವೆ. ತೋಕಿಯೋ ನಗರದ ಸುಗಿನಾಮಿ ಭಾಗದಲ್ಲಿ ತಾಚಿಬಾನಾ ಮನೆತನದ ಒಂದು ಸಂಸಾರ. ಗಂಡ ನೊಬುತೋಶಿ ವ್ಯಾಪಾರ ಸಂಸ್ಥೆಯೊಂದರ ನೌಕರ. ಹೆಂಡತಿ ಅಕಿಕೊ ವಕೀಲರ ಕಛೇರಿಯಲ್ಲಿ ಬೆರಳಚ್ಚಿನ ಕೆಲಸ ಮಾಡುವವಳು. ಮಗ ಸತೋಶಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಹುಡುಗ. ಅದೇ ಹಿತ್ತಲಿನ ಬೇರೆ ಮನೆಯಲ್ಲಿ ಮಾವ ಶಿಗೆಜೋ, ಅತ್ತೆ. ಹಿಮ ಬೀಳುತ್ತಿರುವ ಒಂದು ಸಂಜೆ ಸಾಮಾನು ಕೊಂಡು ಮನೆಗೆ ಬರುತ್ತಿದ್ದ ಅಕಿಕೊ, ಮೇಲಂಗಿಯಿಲ್ಲದೆ ಭರಭರನೆ ನಡೆದುಹೋಗುತ್ತಿರುವ ಮಾವನನ್ನು ಬೀದಿಯಲ್ಲಿ ಕಾಣುತ್ತಾಳೆ. ಮನೆಗೆ ಬಂದು ನೋಡಿದರೆ ಅತ್ತೆ ಸತ್ತು ಬಿದ್ದಿದ್ದಾಳೆ. ಹೆಂಡತಿ ಸತ್ತಳೆಂಬುದು ಮುದುಕನಿಗೆ ತಿಳಿಯದು. ಹಸಿವೆ ಮಾತ್ರ ತಿಳಿಯುತ್ತದೆ. ಎಂಬತ್ತನಾಲ್ಕು ವರ್ಷದ ಮಾವನಿಗೆ ಅರಳುಮರಳು ಹಿಡಿದು ಬಹಳ ದಿನವಾಗಿತ್ತೆಂಬುದೂ, ಅದನ್ನು ಅತ್ತೆಯೊಬ್ಬಳೇ ಮುಚ್ಚಿಕೊಂಡು ನಡೆಸಿಕೊಂಡು ಬಂದಿದ್ದಳೆಂಬುದೂ ಆಗ ಬಯಲಾಗುತ್ತದೆ. ಅತ್ತೆಯ ಹೆಗಲಿನ ನೊಗ ಅಂದಿನಿಂದ ಸೊಸೆಯ ಹೆಗಲಿಗೆ. ನಮ್ಮಲ್ಲಿ 'ಅತ್ತೆಗೊಂದು ಕಾಲ ಸೊಸೆಗೊಂದು ಕಾಲ' ಎನ್ನುತ್ತಾರೆ. ದೊರೆತನ ಕೈಬದಲಾಗುವುದನ್ನು ಹೇಳುವ ಗಾದೆ ಅದು. ಇಲ್ಲಿ ಕೈಬದಲಾದದ್ದು ಚಾಕರಿ.

ಈ ಕೃತಿಯನ್ನು ಮುಪ್ಪಿನ ಸಮಸ್ಯೆಯ ಕಾದಂಬರಿಯೆಂದು ಹೊಗಳುವುದು ವಾಡಿಕೆ. ಅದು ಸುಳ್ಳಲ್ಲ. ಜಪಾನಿನಲ್ಲಿ ೬೫ ದಾಟಿದವರ ಸಂಖ್ಯೆ ಜನಸಂಖ್ಯೆಯ ನೂರಕ್ಕೆ ಏಳನ್ನು ಮುಟ್ಟಿದ್ದು ೧೯೭೦ರಲ್ಲಿ. ಅಂದರೆ ನಾಡು ಮುದಿಯಾಗತೊಡಗಿದ ಮೊದಲ ಗಳಿಗೆಯಲ್ಲೇ ಲೇಖಕಿ ಅದನ್ನು ಕಂಡರು. ಆದರೆ ನಮ್ಮ ಅಭಿಪ್ರಾಯದಲ್ಲಿ ಇದನ್ನು ನೌಕರಿಯ ಕಾದಂಬರಿಯೆಂದು ಓದುವುದೇ ಹೆಚ್ಚು ಸರಿ. ಮುದುಕನ ಕಥೆಯಷ್ಟೇ ಆಗಿದ್ದರೆ ಅಕಿಕೊ ಮನೆಯಲ್ಲಿರುವ ಗೃಹಿಣಿಯಾಗಿದ್ದರೂ ನಡೆಯುತ್ತಿತ್ತು. ಲೇಖಕಿ ಆಕೆಯನ್ನು ಬೆರಳಚ್ಚಿನ ಯಂತ್ರದ ಮುಂದೆ ಕೂಡಿಸಿದ್ದು ಸುಮ್ಮನೆ ಅಲ್ಲ. ರಾತ್ರಿ ನಾಲ್ಕಾರು ಸಲ ಎಬ್ಬಿಸುವ ಮಾವ, ಬೆಳಗ್ಗೆ ಹಿಡಿಯಬೇಕಾದ ರೈಲು. ನಡುವಣ ನಿದ್ದೆಯಿಲ್ಲದ ಹೆಣ್ಣಿನ ಮೈಯೇ ಈ ಕಾದಂಬರಿಯ ನಿಜವಾದ ರಂಗಸ್ಥಳ. ಹಗಲು ಮುದುಕನನ್ನು ನೋಡುವವರು ಯಾರು ಎಂಬ ಒಂದೇ ಲೆಕ್ಕವನ್ನು ಆಕೆ ಪುಟಪುಟದಲ್ಲೂ ಕೂಡಿಸಿ ಕಳೆದು ನೋಡುತ್ತಾಳೆ. ಮುದುಕರ ಸಂಘಕ್ಕೆ ಕಳುಹಿಸಿ ನೋಡುತ್ತಾಳೆ, ಮಗನನ್ನು ಕಾವಲಿಡುತ್ತಾಳೆ. ಗಂಡ ಮಾತ್ರ ಈ ಲೆಕ್ಕದೊಳಗೆ ಎಂದೂ ಬರುವುದಿಲ್ಲ. ಆತ ರಜೆ ಹಾಕಬಹುದೆಂಬ ಯೋಚನೆ ಆತನಿಗೂ ಬಾರದು, ಕಛೇರಿಗೂ ಬಾರದು. ಆತನಿಗೆ ತಂದೆಯನ್ನು ನೋಡಿದರೆ ತನ್ನದೇ ಮುಂದಿನ ಗತಿ ಕಾಣಿಸುತ್ತದೆ. ಆ ಭಯವೊಂದೇ ಆತ ಹೊರುವ ಭಾರ.

ಸಹಾಯ ಕೇಳಿದಾಗ ಸರಕಾರದ ಕಲ್ಯಾಣ ಕಾರ್ಯಕರ್ತೆಯೊಬ್ಬಳು ಮನೆಗೆ ಬರುತ್ತಾಳೆ. ಇಂತಹ ಮುದುಕರನ್ನು ಸೇರಿಸಿಕೊಳ್ಳುವ ಆಶ್ರಮಗಳಿಲ್ಲ. ತೀರ ಕೈಮೀರಿದರೆ ಹುಚ್ಚಾಸ್ಪತ್ರೆಯುಂಟು. ಇಲ್ಲವಾದರೆ ಮನೆಯವರಲ್ಲಿ ಒಬ್ಬರು ಕೆಲಸ ಬಿಟ್ಟು ನೋಡಿಕೊಳ್ಳಬೇಕು ಎಂಬುದು ಆಕೆಯ ಮಾತಿನ ತಾತ್ಪರ್ಯ. ಈ ಪ್ರಸಂಗವನ್ನು ಲೇಖಕಿ ಬರೆದಿರುವ ರೀತಿಯನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಕಾರ್ಯಕರ್ತೆ ಕ್ರೂರಿಯಲ್ಲ, ಒರಟಳಲ್ಲ; ತನಗೆ ತಿಳಿದ ಸತ್ಯವನ್ನು ಸಭ್ಯವಾಗಿ ಹೇಳುತ್ತಾಳೆ. ಆ 'ಒಬ್ಬರು' ಯಾರೆಂದು ಆಕೆ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಕೊಠಡಿಯಲ್ಲಿ ಕುಳಿತವರಿಗೆಲ್ಲ ಅದು ಗೊತ್ತು, ಅಕಿಕೊಗೂ ಗೊತ್ತು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಜಪಾನೀ ಲಿಪಿಯಲ್ಲಿ ಸೊಸೆಗೆ 'ಯೋಮೆ' ಎಂದು ಬರೆಯುವ ಅಕ್ಷರದಲ್ಲಿ ಎರಡು ಭಾಗಗಳಿವೆ: ಒಂದು ಹೆಣ್ಣು, ಇನ್ನೊಂದು ಮನೆ. ಅತ್ತೆಗೆ ಬರೆಯುವ ಅಕ್ಷರದಲ್ಲಿ ಹೆಣ್ಣಿನ ಪಕ್ಕಕ್ಕೆ 'ಹಳೆಯದು' ಎಂಬ ಚಿಹ್ನೆ. ೧೮೯೮ರ ನಾಗರಿಕ ಸಂಹಿತೆಯಂತೆ ಮದುವೆಯಾದ ಹೆಣ್ಣು ಗಂಡನ 'ಇಎ' ಎಂಬ ಮನೆತನಕ್ಕೆ ಸೇರಿಬಿಡುತ್ತಿದ್ದಳು. ಯುದ್ಧಾನಂತರ ೧೯೪೭ರಲ್ಲಿ ಆ ಪದ್ಧತಿಯನ್ನು ಕಾನೂನಿನಿಂದ ತೆಗೆದುಹಾಕಿದರು. ಅಂದಿನಿಂದ ಸಂಹಿತೆಯ ಪ್ರಕಾರ ಮುದುಕನ ಪೋಷಣೆಯ ಹೊಣೆ ಮೊದಲು ನೇರ ರಕ್ತಸಂಬಂಧಿಗಳದು ಮತ್ತು ಒಡಹುಟ್ಟಿದವರದು. ಸೊಸೆಯ ಮೇಲೆ ನ್ಯಾಯಾಲಯ ವಿಶೇಷ ಸಂದರ್ಭದಲ್ಲಿ ಹೊರಿಸಿದರುಂಟು, ಇಲ್ಲವಾದರಿಲ್ಲ. ಎಂದ ಮೇಲೆ ೧೯೭೨ರ ಅಕಿಕೊಗೆ ಕಾನೂನಿನಲ್ಲಿ ಹೊಣೆಯೂ ಇಲ್ಲ, ರಜೆಯೂ ಇಲ್ಲ. ಮನೆಯಲ್ಲಿ ಹೊಣೆಯೆಲ್ಲವೂ ಆಕೆಯದೇ. ಅಕ್ಷರದೊಳಗಿನ ಮನೆ ಮಾತ್ರ ಸಂಹಿತೆಯಿಂದ ಹೋದರೂ ಬಾಳಿನಿಂದ ಹೋಗಿರಲಿಲ್ಲ. ಇದನ್ನು ಭಾಷಣವಿಲ್ಲದೆ ತೋರಿಸಿರುವುದು ಈ ಕೃತಿಯ ಮೊದಲ ಗುಣ.

ಎರಡನೆಯ ಗುಣ ಇನ್ನೂ ಆಳವಾದದ್ದು. ಶಿಗೆಜೋ ಒಳ್ಳೆಯ ಮಾವನಾಗಿರಲಿಲ್ಲ. ಆರೋಗ್ಯವಾಗಿದ್ದ ಕಾಲದಲ್ಲಿ ಸೊಸೆಯನ್ನು ಕುಟುಕಿದವನು, ಊಟದಲ್ಲಿ ತಪ್ಪು ಹುಡುಕಿದವನು, ಆಕೆ ಹೊರಗೆ ದುಡಿಯುವುದನ್ನು ಸಹಿಸದವನು. ಬುದ್ಧಿ ಕೆಟ್ಟ ಮೇಲೆ ಆತ ಸ್ವಂತ ಮಗನನ್ನು ಗುರುತಿಸಲಾರ. ಮನೆಗೆ ನುಗ್ಗಿದ ಕಳ್ಳನೆಂದು ಹೆದರುತ್ತಾನೆ. ಮಗಳು ಕ್ಯೋಕೊ ಬಂದರೆ ಆಕೆಯ ಗುರುತೂ ಹತ್ತದು. ಗುರುತಿರುವುದು ಇಬ್ಬರದೇ: ಸೊಸೆ, ಮೊಮ್ಮಗ. ಬರಬರುತ್ತ ಸೊಸೆಯ ಹೆಸರೂ ಮರೆತುಹೋಗಿ, ದೂರವಾಣಿಯಲ್ಲಿ ಕರೆಯುವಂತೆ 'ಮೊಶಿ ಮೊಶಿ' ಎನ್ನುತ್ತಾನೆ. ಆದರೂ ಆ ಕೂಗು ಆಕೆಗೇ ಸಲ್ಲುತ್ತದೆ. ಸಾಮಾನ್ಯ ಲೇಖಕರ ಕೈಯಲ್ಲಿ ಇದು ಕೆಟ್ಟ ಮಾವ, ಒಳ್ಳೆಯ ಸೊಸೆ ಎಂಬ ನೀತಿಕಥೆಯಾಗುತ್ತಿತ್ತು. ಅರಿಯೋಶಿ ಅಲ್ಲಿಗೆ ಹೋಗುವುದಿಲ್ಲ. ರಕ್ತದ ಸಂಬಂಧವೆಂಬುದು ನೆನಪಿನ ಸಂಬಂಧ; ನೆನಪು ಹೋದ ಮೇಲೆ ಉಳಿಯುವುದು ಉಣಿಸುವ ಕೈಯ ಸಂಬಂಧ ಎಂಬುದನ್ನು ಘಟನೆಗಳಿಂದಲೇ ಸ್ಥಾಪಿಸುತ್ತಾರೆ. ಹತ್ತಿರದ ಬಂಧು ಯಾರು ಎಂದು ಯಾವುದಾದರೊಂದು ಕಛೇರಿಯ ಅರ್ಜಿ ನಮೂನೆ ಶಿಗೆಜೋನನ್ನು ಕೇಳಿದ್ದರೆ ಆತನ ಉತ್ತರ ನಿಯಮಾವಳಿಗೆ ಸರಿಹೊಂದುತ್ತಿರಲಿಲ್ಲ.

ಅಕಿಕೊ ದೇವತೆಯಲ್ಲ. ಮಾವ ಬೇಗ ಹೋದರೆ ಸಾಕೆಂದು ಬಯಸುವ ಗಳಿಗೆಗಳು ಆಕೆಗೂ ಇವೆ. ಒಂದು ದಿನ ಸ್ನಾನದ ತೊಟ್ಟಿಯಲ್ಲಿ ಕೂಡಿಸಿ ಈಚೆ ಬಂದ ಅಷ್ಟರಲ್ಲೇ ಮುದುಕ ನೀರಿನಲ್ಲಿ ಮುಳುಗಿ ಸಾವಿನ ಅಂಚಿಗೆ ಹೋಗುತ್ತಾನೆ, ನ್ಯುಮೋನಿಯಾ ಹಿಡಿಯುತ್ತದೆ. ತಪ್ಪು ತನ್ನದೆಂಬ ದಿಗಿಲು ಆಕೆಯನ್ನು ಬದಲಿಸುತ್ತದೆ. ಬದುಕಿ ಉಳಿದ ಮಾವನನ್ನು ಇನ್ನು ಬದುಕಿರುವಷ್ಟು ದಿನ ಬದುಕಿಸಿಯೇ ತೀರುತ್ತೇನೆಂದು ನಿರ್ಧರಿಸುತ್ತಾಳೆ. ಈ ತಿರುವನ್ನು ಕೆಲವರು ಭಾವಾತಿರೇಕವೆನ್ನಬಹುದು. ನಮಗೆ ಹಾಗೆ ತೋರುವುದಿಲ್ಲ. ಕಛೇರಿ ಕೊಡದ, ಗಂಡ ಕೊಡದ, ಸರಕಾರ ಕೊಡದ ಬಿಡುವನ್ನು ಆಕೆ ಇಲ್ಲಿ ತನ್ನೊಳಗಿನಿಂದ ತೆಗೆದುಕೊಳ್ಳುತ್ತಾಳೆ. ಬೇರೆ ದಾರಿಯಿಲ್ಲದವರು ಕರ್ತವ್ಯವನ್ನು ಸಂಕಲ್ಪವಾಗಿ ಮಾರ್ಪಡಿಸಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಮನೆಗಳಲ್ಲಿ ಇದನ್ನು ಕಾಣದವರು ಯಾರು?

ದೋಷಗಳೂ ಇವೆ. ನೊಬುತೋಶಿಯ ಪಾತ್ರ ತೆಳುವಾಗಿದೆ. ಆತನ ಹೇಡಿತನವನ್ನು ಲೇಖಕಿ ಚೆನ್ನಾಗಿ ನೋಡಿದ್ದಾರೆ, ಅದರ ಒಳಗೆ ಹೊಕ್ಕಿಲ್ಲ. ತಂದೆ ತನ್ನನ್ನೇ ಕಳ್ಳನೆಂದು ಕೂಗುವಾಗ ಮಗನ ಎದೆಯಲ್ಲಿ ಏನಾಯಿತೆಂಬುದಕ್ಕೆ ಇನ್ನಷ್ಟು ಪುಟಗಳು ಸಲ್ಲಬೇಕಾಗಿತ್ತು. ಅಲ್ಲಲ್ಲಿ ಮುಪ್ಪಿನ ವಿಚಾರವಾದ ಮಾಹಿತಿಯನ್ನು ಪಾತ್ರಗಳ ಬಾಯಲ್ಲಿ ತುಂಬಿರುವುದು ಉಪನ್ಯಾಸದ ವಾಸನೆ ಹೊಡೆಯುತ್ತದೆ. ಅಭ್ಯಾಸ ಮಾಡಿ ಬರೆಯುವವರಿಗೆ ಅಂಟಿಕೊಳ್ಳುವ ದೋಷ ಇದು. ಅಧ್ಯಾಪಕರಾದ ನಾವು ಇದನ್ನು ಬಹಳ ಗಟ್ಟಿಯಾಗಿ ಆಕ್ಷೇಪಿಸಲಾರೆವು. ಇದೇ ಲೇಖಕಿಯ ೧೯೬೬ರ 'ಹನಾಓಕಾ ಸೇಯ್ಶೂನ ಹೆಂಡತಿ'ಯಲ್ಲಿ ಈ ದೋಷವಿಲ್ಲ. ೧೮೦೪ರಲ್ಲಿ ರೋಗಿಗೆ ಮೈಮರೆಸುವ ಔಷಧ ಕೊಟ್ಟು ಸ್ತನದ ಗಡ್ಡೆಯನ್ನು ಕೊಯ್ದು ತೆಗೆದ ವೈದ್ಯನ ಮನೆಯ ಕಥೆ ಅದು. ಆ ಔಷಧದ ಪರೀಕ್ಷೆಗೆ ಅತ್ತೆಯೂ ಸೊಸೆಯೂ ಪಂತ ಹಿಡಿದು ತಮ್ಮ ಮೈಯನ್ನೊಡ್ಡುತ್ತಾರೆ. ಕಣ್ಣು ಹೋಗುವುದು ಸೊಸೆಗೆ. ಅಲ್ಲಿ ಸೇವೆಯೇ ಯುದ್ಧದ ಆಯುಧ. ಕಲೆಯ ದೃಷ್ಟಿಯಿಂದ ಅದು ಹೆಚ್ಚು ಬಿಗಿಯಾದ ಕೃತಿ, ನಿಜ. ಆದರೆ ಅಲ್ಲಿಯ ಸೊಸೆಗೆ ಸಂಬಳದ ಕೆಲಸವಿಲ್ಲ, ಆದುದರಿಂದ ನಮ್ಮ ಪ್ರಶ್ನೆಯೂ ಅಲ್ಲಿಲ್ಲ.

ಇನ್ನು ಶಾಸನಕಾರರು ಕಂಡದ್ದೇನೆಂಬುದನ್ನು ನೋಡೋಣ. ಜಪಾನಿನಲ್ಲಿ ೧೯೯೧ರಲ್ಲಿ ಶಿಶುಪಾಲನೆಯ ರಜೆಗೆಂದು ಹುಟ್ಟಿದ ಕಾನೂನಿಗೆ ೧೯೯೫ರಲ್ಲಿ ಕುಟುಂಬದವರ ಶುಶ್ರೂಷೆಯ ರಜೆಯನ್ನು ಸೇರಿಸಿದರು. ೧೯೯೯ರ ಏಪ್ರಿಲ್ ೧ರಿಂದ ಅದು ಮಾಲೀಕರೆಲ್ಲರಿಗೂ ಕಡ್ಡಾಯವಾಯಿತು. ಕಾದಂಬರಿ ಬಂದು ಆಗ ಇಪ್ಪತ್ತೇಳು ವರ್ಷ. ಗಾಯ, ರೋಗ ಅಥವಾ ಅಂಗವೈಕಲ್ಯದಿಂದ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಸತತ ಆರೈಕೆ ಬೇಕಾದ ಬಂಧುವಿದ್ದರೆ, ಒಬ್ಬೊಬ್ಬ ಬಂಧುವಿಗೂ ಒಟ್ಟು ೯೩ ದಿನ ರಜೆ ಪಡೆಯಬಹುದು. ೨೦೧೭ರಿಂದ ಅದನ್ನು ಮೂರು ಕಂತುಗಳವರೆಗೆ ಒಡೆದುಕೊಳ್ಳಬಹುದು. ಉದ್ಯೋಗ ವಿಮೆಯಿಂದ ವೇತನದ ನೂರಕ್ಕೆ ೬೭ರಷ್ಟು ಭತ್ಯ ೨೦೧೬ರ ಆಗಸ್ಟಿನಿಂದ ದೊರೆಯುತ್ತಿದೆ. ಇದಲ್ಲದೆ ವರ್ಷಕ್ಕೆ ಐದು ದಿನದ ಬಿಡಿ ರಜೆಯೂ ಉಂಟು.

ಅಂಕೆಗಳಿಗಿಂತ ನಮಗೆ ಮುಖ್ಯವಾಗಿ ಕಾಣುವುದು ಬಂಧುಗಳ ಪಟ್ಟಿಯ ಅನುಕ್ರಮ. ಆ ಪಟ್ಟಿಯನ್ನು ಒಂದು ಪದ್ಯದ ಸಾಲುಗಳನ್ನು ಓದುವಷ್ಟು ಎಚ್ಚರದಿಂದ ಓದಬೇಕು. ಸಂಗಾತಿ, ತಂದೆತಾಯಿ, ಮಕ್ಕಳು, ಸಂಗಾತಿಯ ತಂದೆತಾಯಿ ಎಂದು ಮೊದಲ ಗುಂಪು. ಅಜ್ಜ ಅಜ್ಜಿ, ಒಡಹುಟ್ಟಿದವರು, ಮೊಮ್ಮಕ್ಕಳು ಎರಡನೆಯ ಗುಂಪು. ಒಟ್ಟಿಗೆ ವಾಸವಿದ್ದು ಸಾಕುತ್ತಿದ್ದರೆ ಮಾತ್ರ ಈ ಎರಡನೆಯ ಗುಂಪಿನವರಿಗೆ ಮೊದಲು ರಜೆ ದೊರೆಯುತ್ತಿತ್ತು. ಆ ಷರತ್ತನ್ನು ತೆಗೆದದ್ದು ೨೦೧೭ರಲ್ಲಿ. ಅಂದರೆ ಬೆನ್ನಿಗೆ ಬಿದ್ದ ತಮ್ಮನಿಗಿಂತ ಅತ್ತೆಮಾವಂದಿರು ಈ ಕಾನೂನಿಗೆ ಮೊದಲಿನಿಂದಲೂ ಹತ್ತಿರದವರು. ಇದು ಸೊಸೆಗೆ ಸಂದ ಗೌರವವೇ? ಅಥವಾ ಕೆಲಸ ಯಾರ ಪಾಲಿಗೆ ಬರುವುದೆಂಬುದು ಶಾಸನಕಾರರಿಗೆ ಗೊತ್ತಿದ್ದುದರ ಕುರುಹೇ? ನಮ್ಮ ಉತ್ತರ, ಎರಡೂ ಹೌದು ಎಂದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅದೇ ಪಟ್ಟಿಯಲ್ಲಿ 'ತಂದೆತಾಯಿ' ಎಂಬ ಮಾತೂ ಇರುವುದರಿಂದ ಮಗನೂ ತನ್ನ ಪಾಲಿನ ೯೩ ದಿನ ಪಡೆಯಬಲ್ಲ. ಸೊಸೆಗೆ ಬಾಗಿಲು ತೆರೆದ ಕಾನೂನು ಮಗನಿಗೆ ನೆವ ಹೇಳಲು ಎಡೆಗೊಡಲಿಲ್ಲ. ಕಾದಂಬರಿಯ ಲೆಕ್ಕದೊಳಗೆ ಎಂದೂ ಬಾರದ ನೊಬುತೋಶಿಯನ್ನು ಈ ಪಟ್ಟಿ ಲೆಕ್ಕಕ್ಕೆ ತಂದಿತು. ಶಾಸನಕಾರರು ಕಥೆಗಾರ್ತಿಯನ್ನು ಮೀರಿ ನಡೆದ ಹೆಜ್ಜೆ ಇದೊಂದು.

ಇದಕ್ಕೆ ಎದುರಾಗಿ ಅಮೇರಿಕದ ಸಂಯುಕ್ತ ಸಂಸ್ಥಾನದ ನಿಯಮವನ್ನಿಡಬಹುದು. ೧೯೯೩ರ ಫೆಬ್ರವರಿ ೫ರಂದು ಅಧ್ಯಕ್ಷ ಕ್ಲಿಂಟನ್ ಅವರು ಸಹಿ ಹಾಕಿದ ಕುಟುಂಬ ಹಾಗೂ ವೈದ್ಯಕೀಯ ರಜೆಯ ಶಾಸನ, ಐವತ್ತು ಜನರಿಗೆ ಕಡಮೆಯಿಲ್ಲದ ಸಂಸ್ಥೆಗಳ ನೌಕರರಿಗೆ ಹನ್ನೆರಡು ವಾರಗಳ ಸಂಬಳವಿಲ್ಲದ ರಜೆಯ ಹಕ್ಕು ಕೊಟ್ಟಿತು. ಆದರೆ ಅದರ ಅಡಿಯ ನಿಯಮಾವಳಿ 'ತಂದೆತಾಯಿ' ಎಂಬ ಮಾತಿನಲ್ಲಿ ಅತ್ತೆಮಾವಂದಿರು ಸೇರುವುದಿಲ್ಲವೆಂದು ಬಾಯಿಬಿಟ್ಟೇ ಹೇಳುತ್ತದೆ. ನೌಕರನ ಎಳೆತನದಲ್ಲಿ ಅವರೇ ತಂದೆತಾಯಿಗಳ ಸ್ಥಾನದಲ್ಲಿ ನಿಂತು ಸಾಕಿದ್ದರೆ ಮಾತು ಬೇರೆ. ಇಂಗ್ಲಿಷಿನಲ್ಲಿ ಅತ್ತೆಗಿರುವ ಶಬ್ದವೇ 'ಕಾನೂನಿನ ತಾಯಿ' ಎಂದು. ಆ 'ಕಾನೂನು' ಚರ್ಚಿನ ಹಳೆಯ ವಿವಾಹ ಧರ್ಮಶಾಸ್ತ್ರ; ಯಾರು ಯಾರನ್ನು ಮದುವೆಯಾಗಬಾರದೆಂದು ನಿಷೇಧಿಸುವಾಗ ಆಕೆಯನ್ನು ತಾಯಿಗೆ ಸಮವೆಂದು ಎಣಿಸಿದ ಶಾಸ್ತ್ರ. ನಿಷೇಧಿಸುವಾಗ ತಾಯಿ, ರಜೆ ಕೊಡುವಾಗ ಹೊರಗಿನವಳು! ಕ್ಯಾಲಿಫೋರ್ನಿಯಾ ರಾಜ್ಯ ೨೦೨೨ರ ಜನವರಿ ೧ರಿಂದ ತನ್ನ ರಾಜ್ಯದ ರಜೆಯ ಕಾನೂನಿನಲ್ಲಿ ಅತ್ತೆಮಾವಂದಿರನ್ನು ತಂದೆತಾಯಿಗಳೊಳಗೆ ಸೇರಿಸಿಕೊಂಡಿತು. ಒಕ್ಕೂಟದ ನಿಯಮ ಹಾಗೆಯೇ ಇದೆ.

ಗಡಿನಾಡಿನ ಓದುಗರಿಗೆ ಈ ಶಬ್ದವಿಚಾರ ಇನ್ನಷ್ಟು ರುಚಿಸಬಹುದು. ಕನ್ನಡದ 'ಅತ್ತೆ' ಕಾನೂನಿನಿಂದ ಬಂದವಳಲ್ಲ. ಆಕೆ ತಂದೆಯ ಅಕ್ಕತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ ಮೂವರೂ ಹೌದು. 'ಮಾವ' ತಾಯಿಯ ಅಣ್ಣತಮ್ಮನೂ ಹೌದು, ಗಂಡನ ತಂದೆಯೂ ಹೌದು. ಸೋದರ ಸಂಬಂಧದ ಮದುವೆಗಳಿಂದ ಬೆಳೆದ ಶಬ್ದಗಳಿವು. ಮಡಕಶಿರ, ರಾಯದುರ್ಗಗಳ ನೆರೆಮನೆಯಲ್ಲಿ ಕೇಳುವ ತೆಲುಗಿನ 'ಅತ್ತ', 'ಮಾಮ'ಗಳೂ ಹಾಗೆಯೇ. ಕಾಸರಗೋಡಿನ ಮಲೆಯಾಳದಲ್ಲಿ ಸೋದರಮಾವನ ಹೆಂಡತಿ 'ಅಮ್ಮಾಯಿ', ಗಂಡನ ತಾಯಿ 'ಅಮ್ಮಾಯಿಯಮ್ಮ'. ಮರಾಠಿಯಲ್ಲಿ 'ಸಾಸೂ', 'ಸಾಸರಾ' ಎಂಬ ಬೇರೆ ಶಬ್ದಗಳಿದ್ದರೂ ಸೊಲ್ಲಾಪುರ, ಜತ್ತದ ಕಡೆಯ ಸೊಸೆ ಎದುರಿಗೆ ಕರೆಯುವಾಗ 'ಮಾಮಂಜಿ' ಎನ್ನುತ್ತಾಳೆ, 'ಆತ್ಯಾ' ಎನ್ನುತ್ತಾಳೆ. ಶಬ್ದದಲ್ಲಿ ಇಷ್ಟು ನಂಟಿದ್ದೂ, ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ 'ಗರತಿಯ ಹಾಡು' ಸಂಗ್ರಹವನ್ನು ತೆರೆದರೆ ಹೆಣ್ಣಿನ ದನಿ ತವರಿನ ಕಡೆಗೇ ತಿರುಗಿ ತಿರುಗಿ ನೋಡುತ್ತದೆ. ನಂಟಿನ ಶಬ್ದವೊಂದೇ ಬಾಳನ್ನು ಹಗುರಮಾಡದು. ಆದರೆ ನಮ್ಮ ಭಾಷೆಗಳು ಅತ್ತೆಮಾವಂದಿರನ್ನು ಹೊರಗಿನವರೆಂದು ಎಣಿಸಿಲ್ಲವೆಂಬುದು ಸ್ಪಷ್ಟ; ಹಾಗೆ ಎಣಿಸುವುದನ್ನು ಕಲಿತದ್ದು ಕಛೇರಿಗಳು.

ನಮ್ಮ ದೇಶದ ಕಾನೂನುಗಳು ಈ ವಿಷಯದಲ್ಲಿ ಒಂದು ಬಾಯಿಂದ ಮಾತನಾಡುವುದಿಲ್ಲ. ಅರಿಯೋಶಿಯವರ ಕಾದಂಬರಿ ಬಂದ ೧೯೭೨ರಲ್ಲಿಯೇ ನಮ್ಮ ಉಪಧನ ಪಾವತಿ ಅಧಿನಿಯಮ ಬಂದಿ‌ತು. 'ಗ್ರಾಚ್ಯುಟಿ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅದು ನೌಕರನ ಕುಟುಂಬವೆಂದರೆ ಆತನ ಅವಲಂಬಿತ ತಂದೆತಾಯಿಗಳು ಮತ್ತು ಹೆಂಡತಿಯ ಅವಲಂಬಿತ ತಂದೆತಾಯಿಗಳೆಂದಿತು. ನೌಕರಳಾದರೆ ಗಂಡನ ತಂದೆತಾಯಿಗಳನ್ನೂ ಸೇರಿಸಿತು. ೨೦೦೯ರ ತಿದ್ದುಪಡಿಯಿಂದ ಅದು ೧೯೯೭ರ ಏಪ್ರಿಲ್ ೩ರಿಂದ ಅನ್ವಯವಾಗುವಂತೆ ಅಧ್ಯಾಪಕರಿಗೂ ದೊರೆಯಿತು. ಅಂದರೆ ನಾವು ಸತ್ತರೆ ಬರುವ ಹಣಕ್ಕೆ ಅತ್ತೆಮಾವಂದಿರು ಕುಟುಂಬದವರು. ಇನ್ನೊಂದು ಕಡೆ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ೨೦೦೭ರ ಅಧಿನಿಯಮದಲ್ಲಿ 'ತಂದೆತಾಯಿ' ಎಂದರೆ ಹೆತ್ತವರು, ದತ್ತು ಪಡೆದವರು, ಮಲತಂದೆ ಮಲತಾಯಿ ಮಾತ್ರ. ೨೦೧೯ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ತಿದ್ದುಪಡಿ ಮಸೂದೆ ಅಳಿಯ ಸೊಸೆಯರನ್ನು ಮಕ್ಕಳ ಪಟ್ಟಿಗೂ ಅತ್ತೆಮಾವಂದಿರನ್ನು ತಂದೆತಾಯಿಗಳ ಪಟ್ಟಿಗೂ ಸೇರಿಸಹೊರಟಿತು, ಅದು ಶಾಸನವಾಗಲಿಲ್ಲ. ಆಗಿದ್ದರೆ ಸೊಸೆಗೆ ಹೊಣೆ ಬರುತ್ತಿತ್ತು. ಹೊಣೆಯ ಜೊತೆಗೆ ಒಂದು ದಿನದ ರಜೆಯೂ ಬರುತ್ತಿರಲಿಲ್ಲ. ಕಲ್ಯಾಣ ಕಾರ್ಯಕರ್ತೆ ಅಕಿಕೊಗೆ ಹೇಳಿದ ಮಾತಿಗೂ ಆ ಮಸೂದೆಗೂ ಬಹಳ ದೂರವಿಲ್ಲ.

ರಜೆಯ ಮಾತಿಗೆ ಬಂದರೆ, ಕೇಂದ್ರ ಸರಕಾರ ೨೦೨೫ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ಹೀಗಿತ್ತು: ವರ್ಷಕ್ಕೆ ೩೦ ದಿನದ ಗಳಿಕೆ ರಜೆ, ೨೦ ದಿನದ ಅರ್ಧ ವೇತನ ರಜೆ, ೮ ದಿನದ ಸಾಂದರ್ಭಿಕ ರಜೆ, ೨ ನಿರ್ಬಂಧಿತ ರಜೆಗಳನ್ನು ಮುದಿ ತಂದೆತಾಯಿಗಳ ಆರೈಕೆಯೂ ಸೇರಿದಂತೆ ಯಾವ ವೈಯಕ್ತಿಕ ಕಾರಣಕ್ಕಾದರೂ ಬಳಸಿಕೊಳ್ಳಬಹುದು. ಬಳಸಿಕೊಳ್ಳಬಹುದು, ನಿಜ. ಆದರೆ ಇದು ಇದ್ದ ಗಂಟಿನಿಂದ ತೆಗೆದು ಖರ್ಚುಮಾಡುವ ಅನುಮತಿಯೇ ಹೊರತು ಶುಶ್ರೂಷೆಯ ಹೆಸರಿನ ರಜೆಯಲ್ಲ. ಬೇಸಗೆಯ ರಜೆಯಿರುವ ನಮ್ಮ ವೃತ್ತಿಯವರಿಗೆ ಗಳಿಕೆ ರಜೆಯ ಗಂಟೂ ಚಿಕ್ಕದು. ಮಾವನ ಪಾರ್ಶ್ವವಾಯು ಏಪ್ರಿಲ್ ತಿಂಗಳಿಗೆ ಕಾದು ಬರುವುದಿಲ್ಲವಷ್ಟೆ. ಅಸ್ಸಾಮ್ ಸರಕಾರ ೨೦೨೨ರ ಜನವರಿಯಲ್ಲಿ ತನ್ನ ನೌಕರರಿಗೆ ತಂದೆತಾಯಿ ಅಥವಾ ಅತ್ತೆಮಾವಂದಿರ ಜೊತೆ ಕಳೆಯಲೆಂದು ಎರಡು ದಿನದ ವಿಶೇಷ ರಜೆ ಕೊಟ್ಟಿತು. ರೋಗಿಯ ಶುಶ್ರೂಷೆಗೆ ಅದು ಏನೂ ಸಾಲದು. ಆದರೂ 'ಅಥವಾ' ಎಂಬ ಒಂದು ಅವ್ಯಯದಿಂದ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ ಆಜ್ಞೆಯೆಂದು ಅದನ್ನು ನಾವು ಗುರುತಿಸುತ್ತೇವೆ.

ಪುನಃ ಕಾದಂಬರಿಗೆ ಬರೋಣ. ೯೩ ದಿನದ ರಜೆ ೧೯೭೨ರಲ್ಲಿಯೇ ಇದ್ದಿದ್ದರೆ ಅಕಿಕೊಗೆ ಸಾಕಾಗುತ್ತಿತ್ತೇ? ಸಾಕಾಗುತ್ತಿರಲಿಲ್ಲ. ಆಕೆಯ ಮಾವನ ಕಾಯಿಲೆ ಮೂರು ತಿಂಗಳಿಗೆ ಮುಗಿಯುವ ಕಾಯಿಲೆಯಲ್ಲ. ಜಪಾನಿನ ಅಧಿಕಾರಿಗಳೂ ಈ ರಜೆ ತಾವೇ ಕೂತು ಚಾಕರಿ ಮಾಡುವುದಕ್ಕಲ್ಲ, ಆರೈಕೆಯ ಏರ್ಪಾಡು ಮಾಡಿಕೊಳ್ಳುವುದಕ್ಕೆ ಎಂದು ವಿವರಿಸುತ್ತಾರೆ. ಏರ್ಪಾಡು ಎಂಬುದು ಇದ್ದರೆ ತಾನೆ ಮಾಡಿಕೊಳ್ಳುವುದು? ಅದು ಬಂದದ್ದು ೨೦೦೦ದ ಏಪ್ರಿಲಿನಲ್ಲಿ, ದೀರ್ಘಕಾಲದ ಆರೈಕೆಯ ವಿಮೆ ಜಾರಿಯಾದಾಗ. ಇಲ್ಲಿ ಲೇಖಕಿಯ ದೂರದೃಷ್ಟಿ ನಮ್ಮನ್ನು ಬೆರಗುಗೊಳಿಸುತ್ತದೆ. ಕಾದಂಬರಿಯ ಕೊನೆಯ ಭಾಗದಲ್ಲಿ ಖಾಲಿಯಾದ ಹಿತ್ತಲಿನ ಮನೆಗೆ ಒಂದು ವಿದ್ಯಾರ್ಥಿ ದಂಪತಿ ಬಾಡಿಗೆಗೆ ಬರುತ್ತಾರೆ. ಸಂಭಾವನೆ ತೆಗೆದುಕೊಂಡು ಮುದುಕನನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಮುದುಕನ ಮೇಲೆ ಅಸಹ್ಯವೂ ಇಲ್ಲ, ಹಳೆಯ ಸಿಟ್ಟೂ ಇಲ್ಲ. ಅಕಿಕೊಗೆ ಉಸಿರಾಡಲು ಎಡೆ ಸಿಕ್ಕಿದ್ದು ಬಂಧುಗಳಿಂದಲ್ಲ, ಕೂಲಿ ಪಡೆದ ಈ ಅಪರಿಚಿತರಿಂದ. ರಜೆ ಬೇಕು, ಆದರೆ ರಜೆಯ ಆಚೆಗೆ ಇನ್ನೊಂದು ಜೊತೆ ಕೈಗಳೂ ಬೇಕು. ಇದನ್ನು ಲೇಖಕಿ ಇಪ್ಪತ್ತೆಂಟು ವರ್ಷ ಮೊದಲೇ ಬರೆದಿಟ್ಟರು.

ಪರಿಣಾಮವೂ ಕಾಣುತ್ತದೆ. ಜಪಾನಿನ ಸರಕಾರೀ ಸಮೀಕ್ಷೆಗಳ ಪ್ರಕಾರ ಒಟ್ಟಿಗೆ ವಾಸಿಸುತ್ತ ಮುಖ್ಯವಾಗಿ ಶುಶ್ರೂಷೆ ಮಾಡುವವರು ಮಕ್ಕಳ ಸಂಗಾತಿಗಳು, ಎಂದರೆ ಬಹುಮಟ್ಟಿಗೆ ಸೊಸೆಯಂದಿರು, ಆಗಿದ್ದ ಪ್ರಮಾಣ ೨೦೦೧ರಲ್ಲಿ ನೂರಕ್ಕೆ ೨೨ಕ್ಕೂ ಮೇಲಿತ್ತು. ೨೦೨೨ರಲ್ಲಿ ಅದು ಸುಮಾರು ೫ಕ್ಕೆ ಇಳಿದಿದೆ. ಆದರೂ ೨೦೨೨ರ ಸಮೀಕ್ಷೆಯಂತೆ ಒಂದು ವರ್ಷದಲ್ಲಿ ಆರೈಕೆಯ ಕಾರಣದಿಂದ ಕೆಲಸ ಬಿಟ್ಟವರು ಒಂದು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಸುಮಾರು ಎಂಬತ್ತು ಸಾವಿರ ಹೆಂಗಸರು. ಸೊಸೆ ಮುಕ್ತಳಾದಳು, ಹೆಣ್ಣು ಇನ್ನೂ ಆಗಿಲ್ಲ. ಸೊಸೆಯ ಜಾಗಕ್ಕೆ ಎಷ್ಟೋ ಕಡೆ ಮಗಳು ಬಂದಿರಬೇಕು. ಮತ್ತೊಂದು ಸಂಗತಿ. ೨೦೧೮ರಲ್ಲಿ ನಾಗರಿಕ ಸಂಹಿತೆಯನ್ನು ತಿದ್ದಿ, ವಾರಸುದಾರಳಲ್ಲದ ಸೊಸೆ ಪ್ರತಿಫಲವಿಲ್ಲದೆ ಮಾಡಿದ ಶುಶ್ರೂಷೆಗೆ ವಾರಸುದಾರರಿಂದ ಹಣ ಕೇಳುವ ಹಕ್ಕನ್ನು ಕೊಟ್ಟರು; ೨೦೧೯ರ ಜುಲೈ ೧ರಿಂದ ಅದು ಜಾರಿಯಲ್ಲಿದೆ. ಅಕಿಕೊ ಇಂದು ಇದ್ದಿದ್ದರೆ ನಾದಿನಿ ಕ್ಯೋಕೊನ ಮೇಲೆ ಒಂದು ಲೆಕ್ಕ ಬರೆದು ಕಳುಹಿಸಬಹುದಾಗಿತ್ತು. ಕಳುಹಿಸುತ್ತಿದ್ದಳೆಂದು ನಮಗೆ ತೋರುವುದಿಲ್ಲ. ಕಳುಹಿಸಬಲ್ಲೆನೆಂಬ ಅರಿವೇ ಆಕೆಯ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡುತ್ತಿತ್ತು.

ಈ ಕೃತಿಯನ್ನು ಯಾರಾದರೂ ಕನ್ನಡಕ್ಕೆ ತರಲು ಕೈಹಾಕಿದರೆ ಅವರಿಗೆ ಮೊದಲು ಎದುರಾಗುವ ತೊಡಕೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅಕಿಕೊ ಮಾವನನ್ನು ಕರೆಯುವುದು 'ಒಜೀಚನ್', ಎಂದರೆ 'ಅಜ್ಜ' ಎಂದು. ಮನೆಯ ಕಿರಿಯರ ಬಾಯಿಂದ ಹಿರಿಯರನ್ನು ಕರೆಯುವುದು ಆ ನಾಡಿನ ಪದ್ಧತಿ. 'ಅಜ್ಜ' ಎಂದೇ ಅನುವಾದಿಸಿದರೆ ಮೂಲಕ್ಕೆ ನಿಷ್ಠೆಯಾದೀತು. ಆದರೆ ಕನ್ನಡದ ಸೊಸೆ ಹಾಗೆ ಕರೆಯಳು. 'ಮಾವ' ಎಂದರೆ ಜಪಾನಿನ ಮನೆಯಲ್ಲಿಲ್ಲದ ಸೋದರಮಾವನ ಸಲಿಗೆಯೊಂದು ಒಳಗೆ ಬಂದುಬಿಡುತ್ತದೆ; ಆರೋಗ್ಯವಾಗಿದ್ದಾಗಿನ ಶಿಗೆಜೋನಿಗೆ ಅದು ಸಲ್ಲದು. ಕಾದಂಬರಿಯ ಕೊನೆಯಲ್ಲಿ, ಮುದುಕ ಪ್ರೀತಿಯಿಂದ ನೋಡುತ್ತಿದ್ದ ಹಕ್ಕಿಯ ಪಂಜರವನ್ನು ಅಪ್ಪಿಕೊಂಡು ಅಳುವ ಸೊಸೆಗಾದರೆ ಸಲ್ಲುತ್ತದೆ. ಮೊದಲ ಅಧ್ಯಾಯಗಳಲ್ಲಿ 'ಮಾವನವರು' ಎಂದಿಟ್ಟು, ಸ್ನಾನದ ಪ್ರಸಂಗದಿಂದಾಚೆಗೆ 'ಮಾವ' ಎಂದು ಬರೆಯಬಹುದೆಂದು ನಮಗೆ ತೋರುತ್ತದೆ.